ಮಾಲಕರ ಕೈಯ ಬೆಲ್ಲ ನೀರು

ಅಕ್ಕಲಕೋಟದ ಸಹಕಾರಿ ಬ್ಯಾಂಕಿನಲ್ಲಿ ದರೋಡೆಯಾದ ದಿನದಿಂದ ನೀಲಾಬಾಯಿ ಬಾಗಿಲು ಹಾಕುವುದನ್ನೇ ಬಿಟ್ಟಳು. ಮಲಗುವ ಕೋಣೆಯದು, ಅಡುಗೆಮನೆಯದು, ಕಡೆಗೆ ಬಚ್ಚಲಿನದೂ. ಬಚ್ಚಲಿಗೆ ಹಳೇ ಸೀರೆಯೊಂದನ್ನು ಪರದೆ ಮಾಡಿ ಇಳಿಬಿಟ್ಟಿದ್ದಳು. ಊರಿಗೆಲ್ಲ ಬುದ್ಧಿ ಹೇಳುವ ಜಮೀನುದಾರ ನಿಂಗಣ್ಣ, ಹೆಂಡತಿಯ ದೆಸೆಯಿಂದ ಸ್ನಾನ ಮುಗಿಯುವವರೆಗೂ ಕೆಮ್ಮುತ್ತ ಇರಬೇಕಾಯಿತು.

ಅವತ್ತು ಅವಳು ಹೋದದ್ದು ಬಸುರಿ ಮಗಳು ಪ್ರಾಜಕ್ತಾಳ ಕುಬಸಕ್ಕೆ ಲಾಕರಿನಿಂದ ಪಾಟ್ಲಿ ಬಳೆ ತರಲು. ಮುಖಕ್ಕೆ ಟವೆಲ್ಲು ಸುತ್ತಿಕೊಂಡವರು ನುಗ್ಗಿದರು. ಕ್ಯಾಶಿಯರ್ ಶ್ರದ್ಧಾಳ ಹಣೆಗೆ ಪಿಸ್ತೂಲು ಹಿಡಿದು, ಗಿರಾಕಿಗಳನ್ನೆಲ್ಲ ಲಾಕರ್ ಖೋಲಿಗೆ ನೂಕಿ, ಕಬ್ಬಿಣದ ಬಾಗಿಲು ಎಳೆದುಬಿಟ್ಟರು. ಮುಖಕ್ಕೆ ಮುಖ ಕಾಣದ ಕತ್ತಲು. ಅದರಲ್ಲಿ ಯಾರೋ ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಗಡಗಡ ನಡುಗುತ್ತಿದ್ದರು. ಪೊಲೀಸರು ಬಂದು ಬಾಗಿಲು ತೆಗೆಸಿದಾಗ ಆ ಕೈ ಬಿಟ್ಟುಹೋಗಿತ್ತು. ಸಿಬ್ಬಂದಿಗೆ ಚಹಾ ಬಂತು, ದವಾಖಾನೆಗೆ ಹೋಗಲು ಕಾರೂ ಬಂತು. ಗಿರಾಕಿಗಳಿಗೆ ಮಾತ್ರ ಮ್ಯಾನೇಜರ್ ಶೈಲೇಶ, "ಬ್ಯಾಂಕ್ ಇವತ್ತ ಬಂದ್ ಅದರಿ, ಹಿಂದಿನ ಬಾಗಲಿಂದ ಹೋಗ್ರಿ" ಎಂದು ಕೈ ತೋರಿಸಿದ.

ನೀಲಾಬಾಯಿಗೆ ಹುಟ್ಟುಗುಣ ಒಂದಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಉಂಡ ರೊಟ್ಟಿ ಕರಗುತ್ತಿರಲಿಲ್ಲ. ಈಗ ಅವಳನ್ನು ಎರಡು ಪ್ರಶ್ನೆ ಕೊರೆಯುತ್ತಿದ್ದವು. ಆ ಕೈ ಯಾರದು? ಮತ್ತೆ, ಈ ಅಂಜಿಕೆ ಹೋಗದೆ ಕೂತಿದೆಯಲ್ಲ, ಯಾಕೆ?

ಎರಡನೆಯದಕ್ಕೆ ಉತ್ತರ ತವರುಮನೆಯ ನೆನಪಿನಿಂದ ಬಂತು. ಬೋರಾಮಣಿಯಲ್ಲಿ ಅವಳ ತವರಿನವರದು ಒಂದು ಪದ್ಧತಿ. ಬಂದವರು ನಮ್ಮ ಹೊಸಿಲೊಳಗೆ ಅಂಜಿದರೆ, ನಾಯಿ ಮೈಮೇಲೆ ಬಂದಿರಲಿ, ಹಾವು ಕಂಡಿರಲಿ, ಮನೆಯ ಮಾಲಕ ತನ್ನ ಕೈಯಾರೆ ಬೆಲ್ಲ ನೀರು ಕೊಟ್ಟೇ ಕಳಿಸಬೇಕು. ಕೊಡದಿದ್ದರೆ ಅಂಜಿಕೆ ಬಂದವರ ಬೆನ್ನು ಹತ್ತಿ ಹೋಗುತ್ತದೆ. ಹಾವು ಬಿಟ್ಟವನು ತಾನಲ್ಲ ಎಂದು ಮಾಲಕ ವಾದ ಹೂಡುವಂತಿಲ್ಲ. ಹೊಸಿಲು ಅವನದು, ನೀರೂ ಅವನದೇ.

"ನಂಗ ಆ ಬ್ಯಾಂಕಿನಾವರು ನೀರು ಕೊಡಲಿಲ್ಲ. ಅದಕ್ಕ ಹಿಂಗಾಗ್ಯದ," ಎಂದಳು ಗಂಡನಿಗೆ.

"ಅಲ್ಲಿ ಫಿಲ್ಟರ್ ನೀರಿನ ಮಶೀನ ಅದಲ್ಲ. ಕುಡದು ಬರಬೇಕಿತ್ತು."

"ಮಶೀನ ಮಾಲಕ ಏನ್ರಿ?"

ನಿಂಗಣ್ಣ ನಕ್ಕ. ಆದರೆ ಅವನಿಗೂ ಒಂದು ಚಿಂತೆಯಿತ್ತು. ಬರುವ ತಿಂಗಳು ಪ್ರಾಜಕ್ತಾಳ ಹೆರಿಗೆ. ಡಾಕ್ಟರು ಪ್ರಯಾಣ ಬೇಡವೆಂದಿದ್ದರಿಂದ ಅದು ತವರಲ್ಲಲ್ಲ, ಗಂಡನ ಊರು ಸೊಲ್ಲಾಪುರದಲ್ಲೇ ಆಗಬೇಕು. ಅವಳ ಮನೆ ಅಲ್ಲಿನ ನವಿ ಪೇಠದಲ್ಲಿ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ. ಕೆಳಗೆ ಸಾಲಿಗೆ ಸಾಲು ಶಟರು. ಚೊಚ್ಚಲ ಹೆರಿಗೆಯಲ್ಲಿ ತಾಯಿ ಹತ್ತಿರವಿಲ್ಲದಿದ್ದರೆ ಮಗಳ ಗತಿಯೇನು? ಮುಚ್ಚುವ ಬಾಗಿಲಿನ ಸದ್ದು ಕೇಳಿದರೆ ಈ ತಾಯಿ ಮುಂದೆ ಹೆಜ್ಜೆಯಿಡುತ್ತಿರಲಿಲ್ಲ.

ಹಾಗಾಗಿ ಇಬ್ಬರೂ ಬ್ಯಾಂಕಿಗೆ ಹೋದರು. ನೀಲಾಬಾಯಿ ಒಳಗೆ ಕಾಲಿಡಲಿಲ್ಲ, ಮೆಟ್ಟಿಲ ಮೇಲೇ ನಿಂತಳು. ಶೈಲೇಶ ಹೊರಗೆ ಬಂದು ಎಲ್ಲವನ್ನೂ ಕೇಳಿದ. ಕೆಟ್ಟವನೇನಲ್ಲ, ಪಾಪದವನು.

"ಕಾಕೂ, ನಾ ಇಲ್ಲಿ ನೌಕರ. ಮಾಲಕ ಅಲ್ಲ. ನೀವು ಹೆಡ್ ಆಫೀಸಿಗೆ ಹೋಗಿ ಕೇಳ್ರಿ."

ಹೆಡ್ ಆಫೀಸು ಇದ್ದದ್ದು ನವಿ ಪೇಠದಲ್ಲೇ. ಅಲ್ಲಿನ ದೊಡ್ಡ ಸಾಹೇಬ ಉದಯಕುಮಾರ ಕುರ್ಚಿ ಕೊಟ್ಟ, ಫ್ಯಾನು ಜೋರು ಮಾಡಿದ, ಅವಳ ಮಾತಿಗೆ ಬಾಗಿಲನ್ನೂ ತೆರೆದಿಟ್ಟ. ನೀರು ಮಾತ್ರ ಕೊಡಲಿಲ್ಲ.

"ಹೋದ ರೊಕ್ಕಕ್ಕ ವಿಮಾ ಅದರಿ. ಸ್ಟಾಫಿನವರಿಗೆ ಮನಸಿನ ಡಾಕ್ಟರನ್ನ ಕಳಿಸೇವಿ. ಗಿರಾಕಿಗಳಿಗೆ ಹಂಗ ಮಾಡೋ ನಿಯಮ ಇಲ್ಲ. ಮತ್ತ ನಾವು ನಿಮಗ ನೀರು ಕೊಟ್ಟೆವು ಅಂದ್ರ ತಪ್ಪು ನಮ್ದು ಅಂತ ಒಪ್ಪಿದಂಗ ಆಗ್ತದ. ವಕೀಲರು ಬ್ಯಾಡ ಅಂದಾರ."

"ನೀರು ಕೊಡಾಕೂ ವಕೀಲನ್ನ ಕೇಳತೀರೇನ್ರಿ?"

ಅವಳೇ ಮತ್ತೆ ಕೇಳಿದಳು.

"ಹೋಗಲಿ, ಇದರ ಮಾಲಕ ಯಾರು, ಅದನ್ನಾದ್ರೂ ಹೇಳ್ರಿ. ಅವರ ಮನಿಗೇ ಹೋಗತೀವಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಒಂದು ಉತ್ತರ ಸಾಹೇಬನಿಗೆ ಹೊಳೆಯಿತು. ಮುಖ ಅರಳಿತು. "ಸಹಕಾರಿ ಬ್ಯಾಂಕಿಗೆ ಒಬ್ಬ ಮಾಲಕ ಇರೂದಿಲ್ರಿ. ಶೇರ್ ತಗೊಂಡ ಸಭಾಸದರೇ ಮಾಲಕರು. ನಿಮ್ಮ ಹೆಸರಲೇ ಶೇರ್ ಅದ ಅಲ್ಲ? ಹಂಗಾರ ನೀವೇ ಮಾಲಕರು ನೋಡ್ರಿ."

ನೀಲಾಬಾಯಿ ಎದ್ದಳು. ಬೀದಿಗೆ ಇಳಿದು ಮಗಳ ಮನೆಯ ಕೆಳಗೆ ತಲುಪಿದ್ದಳೋ ಇಲ್ಲವೋ, ಪಕ್ಕದ ಅಂಗಡಿಯವನು ಊಟಕ್ಕೆಂದು ಶಟರು ಎಳೆದ. ಅವಳು ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತಳು. ಮೇಲೆ ಗ್ಯಾಲರಿಯಲ್ಲಿ ಪ್ರಾಜಕ್ತಾ ತುಂಬಿದ ಹೊಟ್ಟೆ ಹಿಡಿದುಕೊಂಡು "ಅವ್ವಾ, ಮ್ಯಾಲ ಬಾ" ಎಂದು ಕರೆಯುತ್ತಿದ್ದಳು. ಹತ್ತಲು ಆಗಲೇ ಇಲ್ಲ. ಮಗಳು ಬಾಗಿಕೊಂಡು ನೋಡಿದಳು, ತಾಯಿ ಕತ್ತೆತ್ತಿ ನೋಡಿದಳು, ಅಷ್ಟೇ. ನೀಲಾಬಾಯಿಗೆ ಅವತ್ತು ಬಂದ ದುಃಖ ಪಿಸ್ತೂಲು ಕಂಡಾಗಲೂ ಬಂದಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ನಿಂಗಣ್ಣ ಅವಳನ್ನು ನಗಿಸಲು ನೋಡಿದ. "ಮಾಲಕೀಣಿಬಾಯಾರ, ತಿಕೀಟು ನೀವ ತಗೀರಿ ಮತ್ತ. ಬ್ಯಾಂಕ್ ನಿಮ್ದದ."

ಚೇಷ್ಟೆಗೆ ಆಡಿದ ಮಾತು ಅವಳ ಮನಸ್ಸಿನಲ್ಲಿ ಬೇರೆಯೇ ಬೀಜ ಬಿತ್ತಿತು. ಕಿಟಕಿಯ ಆಚೆ ತೊಗರಿ ಹೊಲಗಳು ಓಡುತ್ತಿದ್ದವು. ಅವಳು ಕೇಳಿದಳು: "ಸಾಹೇಬ ಸುಳ್ಳ ಹೇಳ್ಯಾನೇನ್ರಿ?"

"ಸುಳ್ಳಲ್ಲ. ಕಾಯದೇ ಹಂಗೇ ಅದ."

"ಹಂಗಾರ ನನ್ನ ಹೊಸಿಲೊಳಗ ಬಂದ ಮಂದಿ ಅಂಜ್ಯಾರ. ನಾ ಅವರನ್ನ ಬರೇ ಬಾಯಿಲೆ ಕಳಿಸೀನಿ."

ನಿಂಗಣ್ಣನ ನಗು ನಿಂತಿತು. ಇವಳು ಬೆಲ್ಲದ ಡಬ್ಬಿ ಇಳಿಸುವುದೊಂದೇ ಬಾಕಿ ಎಂದು ಅವನಿಗೆ ಆಗಲೇ ತಿಳಿದುಹೋಯಿತು.

ಖೋಲಿಯೊಳಗೆ ಇದ್ದವರು ಯಾರು ಯಾರೆಂದು ಬ್ಯಾಂಕು ಹೇಳಲಿಲ್ಲ, ಅದಕ್ಕೂ ನಿಯಮ ಅಡ್ಡ ಬಂತು. ಬ್ಯಾಂಕಿನ ಎದುರಿನ ಚಹಾದಂಗಡಿಗೆ ಯಾವ ನಿಯಮವೂ ಇರಲಿಲ್ಲ. ಒಂದೇ ಬೆಳಗಿನಲ್ಲಿ ಎಲ್ಲರ ಹೆಸರೂ, ಜೊತೆಗೆ ಅವರವರ ಮನೆಯ ಜಗಳಗಳೂ ಸಿಕ್ಕವು.

ಮರುವಾರ ನೀಲಾಬಾಯಿ ತಾಮ್ರದ ತಂಬಿಗೆ, ಬೆಲ್ಲ, ಲೋಟ ಹಿಡಿದು ಬ್ಯಾಂಕಿನ ಬಾಗಿಲಲ್ಲಿ ಕೂತಳು. ಆ ಹೆಸರಿನವರಿಗೆಲ್ಲ ಹೇಳಿಕಳಿಸಿದ್ದಳು, ಒಬ್ಬೊಬ್ಬರಾಗಿ ಬಂದರು. ಕೆಲವರು ನಗುತ್ತ ಬಂದರು, ಕುಡಿಯುವಾಗ ಯಾರೂ ನಗಲಿಲ್ಲ. ಶ್ರದ್ಧಾ ಕೌಂಟರು ಬಿಟ್ಟು ಬಂದು ಕುಡಿದಳು. ಮನಸಿನ ಡಾಕ್ಟರು ಒಳ್ಳೆಯವರೇ, ಆದರೆ ಅವರು ಅವತ್ತು ಇಲ್ಲಿರಲಿಲ್ಲವಲ್ಲ ಎಂದಳು.

ಕೊನೆಗೆ ದುಧನಿಯ ಅಡತಿ ವ್ಯಾಪಾರಿ ರಾಚಪ್ಪ ಬಂದ. ಹುರಿ ಮೀಸೆ, ಎತ್ತರದ ಆಳು, ಮಾರುಕಟ್ಟೆಯಲ್ಲಿ ಕೂಗಿದರೆ ಹಮಾಲರು ನಡುಗಬೇಕು. ದರೋಡೆಯಾದ ಮೇಲೆ ಬ್ಯಾಂಕಿನ ಕಡೆ ತಲೆ ಹಾಕಿರಲಿಲ್ಲ. ಲೋಟ ತೆಗೆದುಕೊಂಡವನು ಕುಡಿಯಲಿಲ್ಲ.

"ಬಾಯಿ, ಅವತ್ತ ಕತ್ತಲದಾಗ ನಿಮ್ಮ ಸೆರಗ ಹಿಡದಾಂವ ನಾನರಿ. ನಾಚಿಕಿಗೆ ಈ ಕಡೆ ಬಂದಿಲ್ಲ."

ನೀಲಾಬಾಯಿಯ ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವಳಿಗೆ ಅವನ ಮೇಲೆ ಅಕ್ಕರೆಯೇ ಬಂತು. "ನೀವು ಹಿಡದಿದ್ರಿ ಅಂತ ನಾ ನಿಂತಿದ್ದೆ ಅಣ್ಣಾರ. ಇಲ್ಲಂದ್ರ ಅಲ್ಲೇ ಬೀಳತಿದ್ದೆ. ಕುಡೀರಿ."

ಕುಡಿದು ಮೀಸೆ ಒರೆಸಿಕೊಂಡ ರಾಚಪ್ಪ ತಂಬಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡ. "ನನ್ನ ಹೆಸರಿನ್ಯಾಗೂ ಶೇರ್ ಅದ. ನಾನೂ ಮಾಲಕ ಅಲ್ಲೇನು? ತಗೋರಿ." ಅವಳು ಬೊಗಸೆಯೊಡ್ಡಿ ಕುಡಿದು ತಂಬಿಗೆ ತಿರುಗಿ ತೆಗೆದುಕೊಂಡಳು.

ಅಷ್ಟರಲ್ಲಿ ಶೈಲೇಶ ಹೊರಗೆ ಬಂದು, ಸಾಲಿನಲ್ಲಿ ನಿಂತ ಗಿರಾಕಿಯಂತೆ ನಿಂತ. "ಕಾಕೂ, ನಂಗೂ ಕೊಡ್ರಿ. ನಾನೂ ಅಂಜಿದ್ದೆ."

ನೀಲಾಬಾಯಿ ಲೋಟ ತುಂಬಿದಳು, ಕೊಡಲಿಲ್ಲ. "ಕೊಡತೀನಿ. ಮೊದಲ ಒಂದ ಮಾತು ಹೇಳ್ರಿ. ಅವತ್ತ ನಮ್ಮನ್ನ ಹಿಂದಿನ ಬಾಗಲಿಂದ ಯಾಕ ಕಳಿಸಿದ್ರಿ? ಹೆಂಗದೀರಿ ಅಂತ ಒಂದ ಮಾತು ಕೇಳಬಾರದಿತ್ತೇನು?"

ಶೈಲೇಶ ರಸ್ತೆ ನೋಡಿದ, ಚಪ್ಪಲಿ ನೋಡಿದ. ವಕೀಲರ ಮಾತು ನೆನಪಾಗಿರಬೇಕು. ಆಮೇಲೆ ಅವಳ ಮುಖವನ್ನೇ ನೋಡಿದ.

"ನೀವು ಯಾರೂ ನೆನಪಾಗಲೇ ಇಲ್ರಿ ಕಾಕೂ. ರೊಕ್ಕ ಎಷ್ಟ ಹೋತು ಅನ್ನೂದೊಂದೇ ತಲ್ಯಾಗಿತ್ತು. ನನ್ನ ತಪ್ಪದು."

ನೀಲಾಬಾಯಿ ಲೋಟವನ್ನು ಅವನ ಕೈಗಿಟ್ಟು, ಅವನು ಕುಡಿದು ಮುಗಿಸುವವರೆಗೆ ತಾಯಿಯಂತೆ ನೋಡುತ್ತ ನಿಂತಳು. ಇಷ್ಟು ದಿನ ತಾನು ಕಾದದ್ದು ನೀರಿಗಲ್ಲ, ಈ ಮಾತಿಗೆ ಎಂದು ಅವಳಿಗೆ ಆಗ ತಿಳಿಯಿತು.

ಊಟದ ಹೊತ್ತಾಗಿತ್ತು. ಕಾವಲುಗಾರ ಅಭ್ಯಾಸದಂತೆ ಶಟರು ಅರ್ಧಕ್ಕೆ ಎಳೆದ. ಧಡಧಡ ಸದ್ದಾಯಿತು. ನೀಲಾಬಾಯಿಯ ತಂಬಿಗೆಯ ನೀರು ಸೀರೆಯ ಮೇಲೆ ಚೆಲ್ಲಿತು. ನಿಂಗಣ್ಣ ಓಡಿಬಂದ. ಅವಳು ಈ ಸಲ ಕುಸಿದು ಕೂರಲಿಲ್ಲ. ಒದ್ದೆ ಸೆರಗು ಹಿಂಡಿಕೊಳ್ಳುತ್ತ, ಮಗಳಿಗೆ ಫೋನು ಹಚ್ಚಿಕೊಡಿರೆಂದಳು.

"ಪ್ರಾಜು, ನಾ ನಾಳಿಗಿ ಬರತೀನವ್ವಾ. ಮ್ಯಾಲ ಹತ್ತತೀನಿ. ನಿನ್ನ ಮನಿ ಬಾಗಲಾ ಅಷ್ಟ ತಗದಿಟ್ಟಿರು."