ರಕ್ತ ಕೊಟ್ಟವರಿಗೇ ಬ್ಯಾಜ್

ಗಲ್ಫಿನಲ್ಲಿರುವ ನಮ್ಮ ಕರಾವಳಿಯವರ ಬಳಗದ ಬ್ಯಾಜ್ ಒಂದು ನಾಣ್ಯದಷ್ಟು ಅಗಲ. ಮಧ್ಯೆ ದೋಣಿ, ಸುತ್ತ ಬಂಗಾರದ ಬಣ್ಣದ ಅಂಚು. ಕಳೆದ ಪಿಕ್‌ನಿಕ್ಕಿನಲ್ಲಿ ಯಾರೋ ಅದನ್ನು ಮಗುವಿನ ಟೋಪಿಗೆ ಚುಚ್ಚಿ ಗ್ರೂಪಿನಲ್ಲಿ ಫೋಟೊ ಹಾಕಿದ್ದೇ ತಡ, ಅಧ್ಯಕ್ಷ ಲತೇಶಣ್ಣನಿಗೆ ಪಿತ್ತ ನೆತ್ತಿಗೇರಿತು.

"ಬ್ಯಾಜ್ ಅಂದ್ರೆ ಎಂಥ, ಸಿಕ್ಕಿದವರೆಲ್ಲ ಚುಚ್ಚಿಕೊಳ್ಳುವ ಸೇಫ್ಟಿ ಪಿನ್ನಾ? ಇನ್ನು ಯೋಗ್ಯತೆ ಇದ್ದವರಿಗೆ ಮಾತ್ರ!"

ಯೋಗ್ಯತೆ ಅಳೆಯುವುದು ಹೇಗೆ ಎಂದು ಬಿನ್ ಒಮ್ರಾನ್‌ನ ಹೋಟೆಲೊಂದರ ಮಹಡಿಯಲ್ಲಿ ಸಮಿತಿ ಮೂರು ಗಂಟೆ ತಲೆ ಕೆಡಿಸಿಕೊಂಡಿತು. ಕೊನೆಗೆ ಉಪಾಧ್ಯಕ್ಷ ಸರ್ಫರಾಝ್ ಎದ್ದು, "ವರ್ಷದಲ್ಲಿ ಮೂರು ಸಲ ರಕ್ತ ಕೊಟ್ಟವ ಹಾಕ್ಲಿ. ಸಮಿತಿಯವರೂ ಸೇರಿ. ಖಲಾಸ್" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟುವಾಗ ಯೋಚನೆ ಮಾಡುವ ಅಭ್ಯಾಸ ನಮ್ಮಲ್ಲಿಲ್ಲ.

ಹಂಚಿದ್ದ ಬ್ಯಾಜುಗಳನ್ನೆಲ್ಲ ವಾಪಸು ಪಡೆದು ನನ್ನ ಕೈಗೆ ಕೊಟ್ಟರು. ನಾನು ಗ್ರೀಷ್ಮಾ, ಬಳಗದ ಕಾರ್ಯದರ್ಶಿ. ಹೊಟ್ಟೆಪಾಡಿಗೆ ಲತೇಶಣ್ಣನದೇ ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಎಚ್‌ಆರ್ ಕೆಲಸ. ಆಫೀಸಿನಲ್ಲಿ ಅವರನ್ನು ಸರ್ ಎನ್ನಬೇಕು, ಬಳಗದಲ್ಲಿ ಅಣ್ಣ ಎನ್ನಬೇಕು. ಬೈಗುಳ ಮಾತ್ರ ಎರಡೂ ಕಡೆ ಒಂದೇ.

ಮೊದಲ ಶಿಬಿರದಲ್ಲಿ ಲತೇಶಣ್ಣ ಎಲ್ಲರಿಗಿಂತ ಮುಂಚೆ ಮಂಚದ ಮೇಲೆ ಒರಗಿ, ಕೈಯಲ್ಲಿ ರಬ್ಬರ್ ಚೆಂಡು ಹಿಡಿದು ನಾಲ್ಕು ದಿಕ್ಕಿನಿಂದ ಫೋಟೊ ತೆಗೆಸಿಕೊಂಡರು. ಆಮೇಲೆ ನರ್ಸ್ ರೋಸ್‌ಮೇರಿ ಫಾರ್ಮ್ ಹಿಡಿದು ಬಂದಳು. ಅವಳೂ ನಮ್ಮ ಕಡೆಯವಳೇ.

"ಇತ್ತೀಚೆಗೆ ಊರಿಗೆ ಹೋಗಿದ್ರಾ?"

"ಹೋಗದೆ ಮತ್ತೆ? ಮೊನ್ನೆಯಷ್ಟೇ ಬಂದದ್ದು. ತಮ್ಮನ ಮನೆ ಒಕ್ಕಲಿತ್ತು."

"ಹಾಗಾದ್ರೆ ಆಗುದಿಲ್ಲ. ಮಲೇರಿಯಾ ಇರುವ ಊರಿಗೆ ಹೋಗಿ ಬಂದವರ ರಕ್ತ ಕೆಲವು ತಿಂಗಳು ತಗೊಳ್ಳುವ ಹಾಗಿಲ್ಲ."

ಲತೇಶಣ್ಣ ಎದ್ದು ಅಂಗಿಯ ತೋಳು ಇಳಿಸಿಕೊಂಡರು. ಸರ್ಫರಾಝ್ ತಂಗಿಯ ಮಗಳ ನಿಖಾಹ್‌ಗೆ ಉಳ್ಳಾಲಕ್ಕೆ ಹೋಗಿ ಬಂದಿದ್ದರು. ಖಜಾಂಚಿ ಒಂದೇ ಒಂದು ಸೀಮಂತಕ್ಕೆ ಶುಕ್ರವಾರ ಹೋಗಿ ಶನಿವಾರ ಬಂದಿದ್ದರು. ಯಾರು ಎಷ್ಟು ದೊಡ್ಡವರೋ ಅವರು ಅಷ್ಟು ಸಲ ಊರಿಗೆ ಹೋಗಿದ್ದರು. ಮುಂದಿನ ಶಿಬಿರಗಳಲ್ಲೂ ಇದೇ ಕತೆ. ವರ್ಷ ಮುಗಿದಾಗ ನನ್ನ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು: ಬೋಜ.

ಬೋಜಣ್ಣ ನಮ್ಮ ಕಂಪನಿಯವನೇ. ಮೆಸಯೀದ್‌ನ ಕಾರ್ಖಾನೆಗಳಲ್ಲಿ ರಿಪೇರಿಯವರು ಹತ್ತಲು ಕಬ್ಬಿಣದ ಅಟ್ಟ ಕಟ್ಟುವವನು. ಮೂರು ವರ್ಷದಿಂದ ಊರಿಗೆ ಹೋಗಿರಲಿಲ್ಲ. ಯಾಕೆಂದು ನನಗೆ ಚೆನ್ನಾಗಿ ಗೊತ್ತು, ಅವನ ರಜೆ ಅರ್ಜಿ ಇದ್ದದ್ದು ನನ್ನ ಡ್ರಾಯರಿನಲ್ಲಿ. ಮುಂದಿಟ್ಟಾಗಲೆಲ್ಲ ಸರ್, "ಶಟ್‌ಡೌನ್ ಮುಗೀಲಿ" ಎನ್ನುತ್ತಿದ್ದರು. ರಿಪೇರಿಗೆಂದು ನಿಲ್ಲಿಸಿದ ಒಂದು ಪ್ಲಾಂಟ್ ಶುರುವಾಗುವಷ್ಟರಲ್ಲಿ ಇನ್ನೊಂದನ್ನು ನಿಲ್ಲಿಸುತ್ತಾರೆ, ಮುಗಿಯುವುದೆಲ್ಲಿಂದ ಬಂತು?

ಈ ಸಲ ಅರ್ಜಿಯ ಜೊತೆ ಮದುವೆ ಕಾಗದವೂ ಇತ್ತು. ಮಗಳು ದೀಕ್ಷಿತಾಳದ್ದು, ಫೆಬ್ರವರಿ ಇಪ್ಪತ್ತೆರಡಕ್ಕೆ, ಮೂಡುಬಿದಿರೆಯಲ್ಲಿ.

"ಎಂಗೇಜ್‌ಮೆಂಟಿಗೆ ಹೋಗ್ಲಿಕ್ಕಾಗ್ಲಿಲ್ಲ ಮೇಡಂ. ಧಾರೆಗಾದ್ರೂ ಅಪ್ಪ ಬೇಕಲ್ವಾ?" ಎಂದಿದ್ದ.

ಇತ್ತ ಪಟ್ಟಿ ನೋಡಿದ ಸಮಿತಿಗೆ ದಿಗಿಲಾಯಿತು. ಮಂಚದ ಮೇಲೆ ಮಲಗಿದ್ದನ್ನೂ ರಕ್ತದಾನವೆಂದೇ ಪರಿಗಣಿಸಬೇಕೆಂದು ಖಜಾಂಚಿ ಸೂಚಿಸಿದರು. ಕೊಡುವ ಮನಸ್ಸಿದ್ದರೆ ಸಾಲದೇ ಎಂದು ಸರ್ಫರಾಝ್ ಕೇಳಿದರು. ಆದರೆ ನಿಯಮ ಪೋಸ್ಟರಿನಲ್ಲಿ ಅಚ್ಚಾಗಿ ಎಲ್ಲ ಸಂಘಗಳಿಗೂ ಹೋಗಿಯಾಗಿತ್ತು. ಹಾಗಾಗಿ ಫೆಬ್ರವರಿ ಮೊದಲ ಶುಕ್ರವಾರದ ವಾರ್ಷಿಕೋತ್ಸವದಲ್ಲಿ ಸಮಿತಿಯವರೆಲ್ಲ ಸೂಟು ತೊಟ್ಟು ಬರಿದಾದ ಎದೆಯಲ್ಲಿ ಕುಳಿತರು. ಬ್ಯಾಜ್ ಬೋಜಣ್ಣನೊಬ್ಬನಿಗೆ.

ಲತೇಶಣ್ಣ ಅದನ್ನು ಚುಚ್ಚಿ ಮೈಕ್ ಹಿಡಿದರು. "ಬಂಧುಗಳೇ, ರಕ್ತ ಕೊಡಬೇಕು ಎನ್ನುವ ಒಂದೇ ಕಾರಣಕ್ಕೆ ಮೂರು ವರ್ಷ ಹುಟ್ಟೂರಿನ ಮುಖ ನೋಡದ ತ್ಯಾಗಜೀವಿ ಇವರು!"

ಸಭೆ ಎದ್ದು ನಿಂತಿತು. ನನಗೆ ಮೈಯೆಲ್ಲ ಉರಿಯಿತು. ನಿರೂಪಣೆ ನನ್ನದಾದ್ದರಿಂದ ನನ್ನ ಮೈಕನ್ನು ಬೋಜಣ್ಣನ ಬಾಯಿಗೆ ಹಿಡಿದೆ.

"ತ್ಯಾಗ ಎಲ್ಲ ಎಂಥದ್ದೂ ಇಲ್ಲ," ಎಂದ ಅವನು. "ರಜೆ ಸಿಗ್ಲಿಲ್ಲ, ಅಷ್ಟೇ. ಮಗಳ ಮದುವೆ ಉಂಟು. ಒಮ್ಮೆ ರಜೆ ಕೊಟ್ರೆ..."

ಯಾರೋ ನಕ್ಕರು. ಹತ್ತಾರು ಮೊಬೈಲುಗಳು ಮೇಲೆದ್ದವು. ಲತೇಶಣ್ಣ ಅಳುಕಲಿಲ್ಲ. ಬೋಜಣ್ಣನ ಹೆಗಲ ಮೇಲೆ ಕೈ ಹಾಕಿ ಘೋಷಿಸಿಬಿಟ್ಟರು: "ಕೊಟ್ಟೆ! ಶಟ್‌ಡೌನ್ ಮುಗಿದ ಮರುದಿನವೇ, ಮಾರ್ಚ್ ಒಂದಕ್ಕೆ! ಒಂದು ತಿಂಗಳು!"

ಚಪ್ಪಾಳೆಗೆ ಹಾಲ್ ನಡುಗಿತು. ಬೋಜಣ್ಣ ನನ್ನತ್ತ ತಿರುಗಿ, "ಇಪ್ಪತ್ತೆರಡಕ್ಕೆ ಅಲ್ವಾ ಮೇಡಂ" ಎಂದ. ನನಗೊಬ್ಬಳಿಗೇ ಕೇಳಿಸಿತು. ಮೈಕ್ ನನ್ನ ಕೈಯಲ್ಲೇ ಇತ್ತು. ಲತೇಶಣ್ಣ ಸಹ ನನ್ನನ್ನೇ ನೋಡುತ್ತಿದ್ದರು, ಆಫೀಸಿನಲ್ಲಿ ನೋಡುವ ಹಾಗೆ.

"ಈಗ ಮಕ್ಕಳಿಂದ ಸಮೂಹ ನೃತ್ಯ," ಎಂದೆ.

ಇಲ್ಲಿ ವಾರ ಶುರುವಾಗುವುದು ಭಾನುವಾರ; ಅಂದು ಆಫೀಸಿನಲ್ಲಿ ಮದುವೆ ಕಾಗದವನ್ನು ಅವರ ಮೇಜಿನ ಮೇಲಿಟ್ಟೆ. ಧೈರ್ಯ ಬರಲು ಎರಡು ದಿನ ಹಿಡಿದಿತ್ತು. ಅವರು ತಾರೀಕು ಓದಿ ಲೊಚಗುಟ್ಟಿದರು.

"ಮೊದ್ಲೇ ಹೇಳ್ಬಾರ್ದಾ ಮಾರಾಯ್ತಿ? ಸ್ಟೇಜಲ್ಲಿ ಮಾರ್ಚ್ ಒಂದು ಅಂತ ಹೇಳಿ ಆಯ್ತಲ್ಲ. ಇನ್ನು ಮಾತು ಬದಲಿಸಿದ್ರೆ ಜನ ಎಂಥ ಹೇಳ್ಬಹುದು?"

ಇಪ್ಪತ್ತೆರಡರಂದು ಐಡಿ ಕಾರ್ಡ್ ಹಂಚುವ ನೆಪ ಮಾಡಿ ಮೆಸಯೀದ್ ಕ್ಯಾಂಪಿಗೆ ಹೋದೆ. ಬೆಳಗ್ಗೆ ಒಂಬತ್ತೂವರೆ, ಊರಲ್ಲಿ ಮಧ್ಯಾಹ್ನ ಹನ್ನೆರಡರ ಮುಹೂರ್ತ. ಬೋಜಣ್ಣ ಎರಡು ತಾಸು ಪರ್ಮಿಷನ್ ಪಡೆದು ಕ್ಯಾಂಟೀನಿನ ಮೂಲೆಯಲ್ಲಿ ಕುಳಿತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಮೇಲೆ ಬ್ಯಾಜ್. ನೀರಿನ ಬಾಟಲಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ದೀಕ್ಷಿತಾಳ ಕೈ ಹಿಡಿದು ಅವಳ ಸೋದರಮಾವ ಧಾರೆ ಎರೆಯುತ್ತಿದ್ದ. ಬೋಜಣ್ಣನ ಬಲಗೈ ಮೇಜಿನ ಮೇಲೆ ತಾನಾಗಿಯೇ ಬಾಗುತ್ತಿತ್ತು. ನಾನು ನಾಚಿಕೆಯಿಂದ ಬಾಗಿಲಲ್ಲೇ ನಿಂತೆ.

ಧಾರೆ ಮುಗಿಸಿದ ಮಾವ ಮೊಬೈಲಿನ ಹತ್ತಿರ ಬಂದು ಕಣ್ಣು ಕಿರಿದು ಮಾಡಿದ. "ಭಾವ, ಎದೆಯಲ್ಲಿ ಹೊಳೆಯುವುದು ಎಂಥದು?"

ಬೋಜಣ್ಣ ಬ್ಯಾಜ್ ನೋಡಿಕೊಂಡ. ಅವನ ದನಿಯಲ್ಲಿ ಕೋಪವೇನೂ ಇರಲಿಲ್ಲ, ಗೊತ್ತಿಲ್ಲದವರಿಗೆ ತಿಳಿಸಿ ಹೇಳುವ ತಾಳ್ಮೆ ಇತ್ತು.

"ಇದಾ? ಊರಿಗೆ ಹೋಗದವರಿಗೆ ಕೊಡ್ತಾರೆ."