ಹೊರಮನೆ ಯಾವುದು

ಮಿಸ್ ಬ್ರಾಮ್ಲಿ ತಲೆಯೆತ್ತಿ ಸೂರನ್ನೇ ನೋಡುತ್ತ ನಿಂತುಬಿಟ್ಟಾಗ ಅಣ್ಣ ಲೈಯನೆಲ್‌ಗೆ ಮೈಯೆಲ್ಲ ಉರಿಯುತ್ತಿದೆ ಎಂದು ಹೆಸ್ಟರಳಿಗೆ ಗೊತ್ತಾಯಿತು. ಹಳೆಯ ಕಟ್ಟಡಗಳ ಚರಿತ್ರೆ ಬರೆಯುವ ಆಕೆಯನ್ನು ಲೈಯನೆಲ್ ಕರೆಸಿದ್ದು ತನ್ನ ಬಂಗಲೆಗಾಗಿ. ಮದುವೆಗಳಿಗೆ ಬಾಡಿಗೆ ಕೊಡುವಾಗ ನಾಲ್ಕು ಒಳ್ಳೆಯ ಮಾತು ಅಚ್ಚು ಹಾಕಿಸಬೇಕಿತ್ತು. ಆಕೆ ನೋಡಿದರೆ ಹಿತ್ತಿಲಿನ ಬಿಯರ್ ಮನೆಯಲ್ಲಿ ನಿಂತಿದ್ದಾಳೆ. ಹಿಂದೆ ಆಳುಗಳಿಗೆಂದು ಬಿಯರ್ ಕಾಯಿಸುತ್ತಿದ್ದ ಜಾಗ ಅದು. ಈಗ ಅಲ್ಲಿ ಹೆಸ್ಟರಳೂ ಅವಳ ಬೆಕ್ಕುಗಳೂ ವಾಸವಾಗಿದ್ದರು.

ಬಂಗಲೆಯಲ್ಲಿ ಬೆಳಿಗ್ಗೆಯೇ ಅವನಿಗೆ ಮುಖಭಂಗವಾಗಿತ್ತು. ಮೊದಲನೇ ಎಲಿಜಬೆತ್ ರಾಣಿಯ ಕಾಲದ್ದೆಂದು ಎದೆಯುಬ್ಬಿಸಿ ತೋರಿಸಿದ ಮಹಡಿ ಮೆಟ್ಟಿಲು ಇನ್ಯಾರದೋ ಮನೆ ಕೆಡವಿದಾಗ ಹರಾಜಿನಲ್ಲಿ ತಂದದ್ದಂತೆ. ಮುಂಬಾಗಿಲಿನ ಕಲ್ಲುಕಂಬಗಳು ಕಲ್ಲೇ ಅಲ್ಲ, ಇಟ್ಟಿಗೆಗೆ ಗಾರೆ ಮೆತ್ತಿದ್ದು. ಮೇಲೆ ಥಳಕು, ಒಳಗೆ ಹುಳುಕು. ಹೆಸ್ಟರ್ ಕಷ್ಟಪಟ್ಟು ನಗು ತಡೆದುಕೊಂಡಿದ್ದಳು.

"ಏನ್ರೀ, ಜೇಡರ ಬಲೆ ಎಣಿಸ್ತಿದೀರಾ?" ಎಂದ ಲೈಯನೆಲ್.

"ಮಸಿ ನೋಡ್ತಿದೀನಿ. ತೊಲೆಗಳೆಲ್ಲ ಹೇಗೆ ಕರ್ರಗಿವೆ ನೋಡಿ. ಚಿಮಣಿ ಕಟ್ಟೋ ಮುಂಚೆ ನಡುಮನೆಯಲ್ಲೇ ಬೆಂಕಿ ಹಾಕ್ತಿದ್ರು. ಬಿಯರ್ ಎಲ್ಲ ಆಮೇಲೆ ಬಂದಿದ್ದು. ನಿಮ್ಮ ಮನೆತನದೋರು ಮೊದ್ಲು ಬಾಳಿದ್ದೇ ಇಲ್ಲಿ. ಬಂಗಲೆಗಿಂತ ಮುನ್ನೂರು ವರ್ಷ ಹಳೇದು ಇದು."

ಹೆಸ್ಟರಳಿಗೆ ಹಿಗ್ಗೋ ಹಿಗ್ಗು. ಅಣ್ಣನ ಬಾಯಲ್ಲಿ ಜೀವಮಾನವಿಡೀ "ಬಿಯರ್ ರಾಣಿ" ಎನ್ನಿಸಿಕೊಂಡವಳು ಅವಳು. ಕೇಕ್ ಕತ್ತರಿಸಿ, ಮೂವರಿಗೂ ಚಹಾ ಬಗ್ಗಿಸಿದಳು.

ಲೈಯನೆಲ್ ಸಕ್ಕರೆ ಕಲಕುತ್ತಲೇ ಇದ್ದ. ಆಮೇಲೆ, "ಅಲ್ಲ ಕಣೇ, ಅಪ್ಪ ಉಯಿಲಲ್ಲಿ ಏನು ಬರ್ದಿದಾರೆ? ಮೂಲ ಮನೆ ಮಗನಿಗೆ, ಹೊರಮನೆಗಳು ಮಗಳಿಗೆ. ಅಂದ್ಮೇಲೆ ಇದು ನಂದೇ ಅಲ್ವಾ? ಬೇಸಿಗೆ ಹೊತ್ತಿಗೆ ಖಾಲಿ ಮಾಡ್ಬಿಡು. ಮದುವೆಯೋರು ಇಂಥದ್ದಕ್ಕೆ ಪ್ರಾಣ ಬಿಡ್ತಾರೆ," ಎಂದ.

ತಮಾಷೆ ಇರಬೇಕೆಂದು ಹೆಸ್ಟರ್ ಅವನ ಮುಖ ನೋಡಿದಳು. ತಮಾಷೆಯಾಗಿರಲಿಲ್ಲ. ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು? ಕಪ್ಪನ್ನು ತಟ್ಟೆಯ ಮೇಲಿಟ್ಟಳು.

"ಸರಿ ಕಣೋ," ಎಂದಳು ಕೊನೆಗೆ. "ಇದು ಮೂಲ ಮನೆ ಆದ್ರೆ ನಿನ್ನ ಕಂಬದ ಬಂಗಲೆ ಏನಾಯ್ತು?"

"ಏನಾಯ್ತು?"

"ಹೊರಮನೆ. ಕುದುರೆ ಲಾಯ, ಪಾರಿವಾಳದ ಗೂಡು ಇದ್ದ ಹಾಗೆ ಅದೂ ಆಮೇಲೆ ಕಟ್ಟಿದ್ದು. ಹೊರಮನೆಗಳೆಲ್ಲ ನಂದು. ನೀನು ಯಾವಾಗಪ್ಪಾ ಖಾಲಿ ಮಾಡ್ತೀಯ?"

ಲೈಯನೆಲ್ ಗಹಗಹಿಸಿ ನಕ್ಕು ಮಿಸ್ ಬ್ರಾಮ್ಲಿಯತ್ತ ತಿರುಗಿದ. ಆಕೆ ಬಾಯಲ್ಲಿದ್ದ ಕೇಕ್ ನುಂಗಿ, "ಕಟ್ಟಿದ ಕ್ರಮ ನೋಡಿದ್ರೆ ಅವರು ಹೇಳೋದೇನೂ ತಪ್ಪಲ್ಲ," ಎಂದಳು. ನಗು ಅರ್ಧಕ್ಕೇ ನಿಂತಿತು.

"ಅಯ್ಯೋ, ಸುಮ್ನೆ ಅಂದೆ ಕಣೇ. ಯಾರು ಏನೇ ಬರೀಲಿ, ಇದು ಬಿಯರ್ ಮನೇನೇ. ನೀನೇ ಇರು."

ಮನೆ ಉಳಿಯಿತು. ಆದರೆ ಹೆಸ್ಟರಳಿಗೆ ಗೆದ್ದ ಸಂತೋಷವಾಗಲಿಲ್ಲ. ಒಂದು ಕಪ್ ಚಹಾ ಆರುವಷ್ಟರಲ್ಲಿ ಒಡಹುಟ್ಟಿದವನು ತನ್ನನ್ನು ಬೀದಿಗೆ ಹಾಕಲು ತಯಾರಾಗಿದ್ದನಲ್ಲ ಎಂದುಕೊಂಡಳು. ಲೈಯನೆಲ್ ಆಗಲೇ ಅದನ್ನು ಮರೆತಿದ್ದ.

"ಇನ್ನೊಂದು ಚೂರು ಕೇಕ್ ಇದ್ಯಾ?" ಎಂದು ತಟ್ಟೆ ಚಾಚಿದ.

ಅವಳ ಕೈಯಳತೆಯಲ್ಲೇ ಅರ್ಧ ಕೇಕ್ ಇತ್ತು.

"ಇಲ್ಲ," ಎಂದಳು ಹೆಸ್ಟರ್.