ಎಡಕ್ಕೆ ಸುತ್ತಿದ ಎಲೆಕ್ಟ್ರಾನ್

ವೆರ್ನಾ ಕುಬಿಯಾಕ್ ಹದಿನಾಲ್ಕು ವರ್ಷ ಕಾಲುಚೀಲದ ಗಿರಣಿಯಲ್ಲಿ ಬಿಟ್ಟುಹೋದ ಹೊಲಿಗೆ ಹುಡುಕಿದವಳು. ಗಿರಣಿ ಮುಚ್ಚಿತು. ಅದೇ ವರ್ಷ ಬ್ರೆನ್ನರ್ ಫಾಲ್ಸಿನ ವಿಶ್ವವಿದ್ಯಾಲಯದವರು ಕಣ್ಣು ಚುರುಕಿರುವ ಹೆಂಗಸರು ಬೇಕೆಂದು ಪತ್ರಿಕೆಯಲ್ಲಿ ಹಾಕಿಸಿದರು. ಅವಳು ಹೋದಳು. ಕೂತಳು. ಮೂರು ವರ್ಷದಲ್ಲಿ ಆ ಕತ್ತಲೆ ಕೋಣೆಯ ಆರು ಮೇಜುಗಳಲ್ಲಿ ಅವಳ ಮೇಜಿನ ಲೆಕ್ಕವನ್ನು ಮಾತ್ರ ಯಾರೂ ಮರಳಿ ಪರೀಕ್ಷಿಸದಷ್ಟು ನಂಬಿಕೆ ಹುಟ್ಟಿತ್ತು.

ಕೆಲಸ ಇಷ್ಟೇ. ದೂರದ ಒಂದು ಯಂತ್ರದಲ್ಲಿ ದ್ರವ ಜಲಜನಕದ ತೊಟ್ಟಿಯೊಳಗೆ ಕಣಗಳನ್ನು ಹಾಯಿಸುತ್ತಿದ್ದರು. ವಿದ್ಯುತ್ತು ಹೊತ್ತ ಕಣ ಹೋದ ದಾರಿಯುದ್ದಕ್ಕೂ ಗುಳ್ಳೆಗಳ ಒಂದು ದಾರ ಉಳಿಯುತ್ತಿತ್ತು, ತೊಟ್ಟಿಯ ಗಾಜಿನ ಕಿಟಕಿಯಿಂದ ಕ್ಯಾಮೆರಾ ಅದನ್ನು ಹಿಡಿಯುತ್ತಿತ್ತು. ತೊಟ್ಟಿಯ ಸುತ್ತ ಮನೆಯಷ್ಟು ದೊಡ್ಡ ಆಯಸ್ಕಾಂತ. ಅದರ ಸೆಳೆತಕ್ಕೆ ಸಿಕ್ಕಿ ಪ್ಲಸ್ ಕಣ ಒಂದು ಕಡೆ ಬಾಗಿದರೆ ಮೈನಸ್ ಕಣ ಇನ್ನೊಂದು ಕಡೆ. ವಿದ್ಯುತ್ತಿಲ್ಲದ ಕಣಕ್ಕೆ ಗೆರೆಯೂ ಇಲ್ಲ, ಬಾಗೂ ಇಲ್ಲ. ಅಂಥದೊಂದು ನಡುದಾರಿಯಲ್ಲಿ ಒಡೆದರೆ ಮಾತ್ರ ಎರಡು ಗೆರೆ ಕವಲಾಗಿ ಹೊರಡುತ್ತವೆ. ಸುರುಳಿ ಸುರುಳಿ ಫಿಲ್ಮು ಮೇಜಿನ ಮೇಲೆ ಬೆಳಕಾಗಿ ಬೀಳುವಾಗ ಹೆಂಗಸರು ಆ ಕವಲುಗಳನ್ನು ಹುಡುಕಿ, ಎರಡರಲ್ಲಿ ಯಾವುದು ಉದ್ದ, ಅದು ಪ್ಲಸ್ಸೋ ಮೈನಸ್ಸೋ ಎಂದು ಬರೆಯಬೇಕು.

ಇದನ್ನೆಲ್ಲ ಬರೆಸುತ್ತಿದ್ದವನು ಡಾಕ್ಟರ್ ಲೋವೆಲ್ ಪ್ರೂಯಿಟ್. ಅರವತ್ತು ಸುರುಳಿ ಮುಗಿದಾಗ ನೂರಕ್ಕೆ ಐವತ್ನಾಲ್ಕು ಕವಲುಗಳಲ್ಲಿ ಪ್ಲಸ್ ಗೆರೆಯೇ ಉದ್ದ ಎಂದು ಬಂದಿತ್ತು. ಎರಡೂ ಸಮ ಇರಬೇಕಾದ ಜಾಗದಲ್ಲಿ ಪ್ರಕೃತಿ ಪ್ಲಸ್ಸಿನ ಪರ ವಾಲಿದೆ ಎಂದರೆ ಸಣ್ಣ ಸುದ್ದಿಯಲ್ಲ. ಚಿಕಾಗೋದಲ್ಲಿ ಭಾಷಣ ಮಾಡಲು ಅವನು ಹೊಸ ಸೂಟು ಹೊಲಿಸಿಕೊಂಡಿದ್ದ.

ಮಾರ್ಚ್ ತಿಂಗಳ ಒಂದು ಸೋಮವಾರ ಹೊಸ ಪೆಟ್ಟಿಗೆ ಬಂತು. ಮೊದಲ ಚಿತ್ರ ನೋಡಿದಾಗಲೇ ವೆರ್ನಾಗೆ ಏನೋ ಇರುಸುಮುರುಸಾಯಿತು. ಓಡುವ ಕಣ ದಾರಿಯಲ್ಲಿ ಒಂದೊಂದು ಎಲೆಕ್ಟ್ರಾನನ್ನು ಒದ್ದು ಹೊರಗೆಸೆಯುತ್ತದೆ. ಹಗುರ ಕಣವಾದ್ದರಿಂದ ಅದು ಪುಟ್ಟ ಚಕ್ಕುಲಿಯಂತೆ ಸುತ್ತಿ ಸುತ್ತಿ ನಿಲ್ಲುತ್ತದೆ. ಮೂರು ವರ್ಷ ಆ ಚಕ್ಕುಲಿಗಳು ಬಲಕ್ಕೆ ಸುತ್ತಿದ್ದವು. ಇವು ಎಡಕ್ಕೆ ಸುತ್ತಿದ್ದವು. ಫಿಲ್ಮು ಮಗುಚಿದೆಯೇನೋ ಎಂದು ಮೂಲೆಯ ಅಂಕಿ ನೋಡಿದಳು. ಅಂಕಿ ಸರಿಯಾಗಿಯೇ ಓದಿಸಿಕೊಂಡಿತು. ಇನ್ನೂ ಹತ್ತು ಚಿತ್ರ ಓಡಿಸಿದಳು. ಎಲ್ಲ ಚಕ್ಕುಲಿಯೂ ಎಡಕ್ಕೆ. ಹಾಗಾದರೆ ತಿರುಗಿರುವುದು ಆಯಸ್ಕಾಂತ. ಎಡಕ್ಕೆ ಬಾಗಿದೆ ಎಂದು ಪ್ಲಸ್ ಬರೆಯುತ್ತಿದ್ದದ್ದೆಲ್ಲ ಈಗ ಮೈನಸ್.

ಕೋಣೆಯ ಮೇಲ್ವಿಚಾರಕಿ ಆಗ್ನೆಸ್ ಟೋರ್ಸನ್ ಬಂದು ಬಗ್ಗಿ ನೋಡಿದಳು, ತುಟಿ ಕಚ್ಚಿದಳು, ಡಾಕ್ಟರನ್ನು ಕರೆತಂದಳು. ಪ್ರೂಯಿಟ್ ಅರ್ಧ ನಿಮಿಷ ನಿಂತ. ಆಯಸ್ಕಾಂತದ ದಿನಚರಿ ತನ್ನ ಹತ್ತಿರ ಇದೆ, ಅದರಲ್ಲಿ ಎಲ್ಲೂ ದಿಕ್ಕು ಬದಲಿಸಿದ ಮಾತಿಲ್ಲ, ಹಿಂದಿನಂತೆಯೇ ಬರೆಯಿರಿ ಎಂದ.

"ದಿನಚರಿ ಬರೆದೋರು ಮನುಷ್ಯರು," ಎಂದಳು ವೆರ್ನಾ. "ಚಕ್ಕುಲಿ ಬರೆದಿದ್ದು ಎಲೆಕ್ಟ್ರಾನು."

"ನಿಮ್ಮ ಕೆಲಸ ಎಣಿಸೋದು, ಮಿಸೆಸ್ ಕುಬಿಯಾಕ್. ಅರ್ಥ ಹೇಳೋದಕ್ಕೆ ಬೇರೆಯವರಿದ್ದಾರೆ."

"ಎಣಿಸೋಕೆ ಮುಂಚೆ ಯಾವುದು ಎಡ, ಯಾವುದು ಬಲ ಅಂತ ಗೊತ್ತಿರಬೇಕಲ್ಲ ಡಾಕ್ಟ್ರೇ. ಕಾಲುಚೀಲದ ಗಿರಣೀಲೂ ಅಷ್ಟಂತೂ ಕೇಳ್ತಿದ್ರು."

ಅವನು ಹೊರಟುಹೋದ. ಅವಳು ಕೂತು ಸಂಜೆಯವರೆಗೆ ಕವಲು ಎಣಿಸಿದಳು, ಉದ್ದ ಅಳೆದಳು, ಪ್ಲಸ್-ಮೈನಸ್ ಬರೆಯುವ ಅಂಕಣವನ್ನು ಮಾತ್ರ ಖಾಲಿ ಬಿಟ್ಟಳು.

ಮಂಗಳವಾರವೂ ಖಾಲಿ. ಊಟದ ಹೊತ್ತಿಗೆ ಪಕ್ಕದ ಮೇಜಿನ ಡೊಲೊರೆಸ್ ಸಾಸೇಜ್ ಸ್ಯಾಂಡ್‌ವಿಚ್ ಬಿಚ್ಚುತ್ತ, ಏನೋ ಒಂದು ಗೀಚಿಬಿಡಬಾರದೇ, ನಿನಗೇನು ಹೋಗುವುದು ಎಂದು ಗದರಿದಳು. ವೆರ್ನಾ ಅವಳನ್ನು ಎಳೆದುಕೊಂಡು ಹೋಗಿ ಹಳೆಯ ಸುರುಳಿಯ ಒಂದು ಚಿತ್ರವನ್ನೂ ಹೊಸದರ ಒಂದು ಚಿತ್ರವನ್ನೂ ತೋರಿಸಿದಳು. ಡೊಲೊರೆಸ್ ನೋಡುತ್ತ ಅಗಿಯುವುದನ್ನು ನಿಲ್ಲಿಸಿದಳು. ಬುಧವಾರ ಅವಳ ಹಾಳೆಯಲ್ಲೂ ಆ ಅಂಕಣ ಖಾಲಿಯಿತ್ತು. ಮಧ್ಯಾಹ್ನದ ಹೊತ್ತಿಗೆ ಆರು ಮೇಜಿನಲ್ಲಿ ನಾಲ್ಕು ಖಾಲಿ.

ಪ್ರೂಯಿಟ್ ವೆರ್ನಾ ಒಬ್ಬಳನ್ನೇ ಕರೆಸಿದ. ಅಂಕಣ ತುಂಬುವ ಮನಸ್ಸಾಗುವವರೆಗೆ ಮನೆಯಲ್ಲಿರಿ ಎಂದ. ಸ್ವರ ಏರಿಸಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯಿತು. ಗಿರಣಿಯ ಮೇಸ್ತ್ರಿಯಾದರೂ ಕೂಗಾಡಿ ಎದುರಿಗಿರುವುದು ಮನುಷ್ಯಳೆಂದು ಒಪ್ಪಿಕೊಳ್ಳುತ್ತಿದ್ದ. ಅವಳು ಕೋಟು ಹಾಕಿಕೊಂಡಳು. ಆಗ್ನೆಸ್ ಬಾಗಿಲವರೆಗೆ ಬಂದಳು, ಕಣ್ಣೆತ್ತಿ ನೋಡದೆ ಒಂದು ಲಕೋಟೆಯನ್ನು ಕೈಗೆ ತುರುಕಿದಳು. ಒಳಗೆ ಮುದ್ರಿಸಿದ ನಾಲ್ಕು ಚಿತ್ರ, ಎರಡು ಹಳೆಯವು, ಎರಡು ಹೊಸವು.

ಗುರುವಾರ ನಾಲ್ಕು ಗಂಟೆಗೆ ಇಲಾಖೆಯ ಸಭೆ. ಚಿಕಾಗೋಗೆ ಹೋಗುವ ಮುಂಚೆ ಪ್ರೂಯಿಟ್ ಅಲ್ಲಿ ತನ್ನ ಭಾಷಣ ಒಪ್ಪಿಸಲಿದ್ದ. ಬಾಗಿಲಲ್ಲಿ ಎಲ್ಲರಿಗೂ ಸ್ವಾಗತ ಎಂದು ಬರೆದಿತ್ತು. ವೆರ್ನಾ ಚರ್ಚಿಗೆ ಹೋಗುವ ಹಸಿರು ಟೋಪಿ ಇಟ್ಟುಕೊಂಡು ಮೂರನೇ ಸಾಲಿನಲ್ಲಿ ಕೂತಳು. ಮುಂದಿನ ಸಾಲಿನಲ್ಲಿ ಮುದುಕ ಪ್ರೊಫೆಸರ್ ಗ್ರೂನ್‌ವಾಲ್ಡ್ ಕಾಫಿ ಹಿಡಿದು ತೂಕಡಿಸುತ್ತಿದ್ದ. ಹೊಸ ಸುರುಳಿಗಳ ಲೆಕ್ಕವನ್ನೂ ಪ್ರೂಯಿಟ್ ಸೇರಿಸಿಕೊಂಡಿದ್ದ. ಖಾಲಿ ಅಂಕಣಗಳನ್ನು ತಾನೇ ತುಂಬಿದ್ದ. ಐವತ್ನಾಲ್ಕು ಐವತ್ನಾಲ್ಕಾಗಿಯೇ ಉಳಿದಿತ್ತು.

ಪ್ರಶ್ನೆ ಕೇಳುವ ಹೊತ್ತಿಗೆ ಅವಳು ಎದ್ದಳು.

"ಜಲಜನಕದಿಂದ ಅಷ್ಟು ಸುಲಭವಾಗಿ ಒದ್ದು ಹೊರಗೆ ಹಾಕೋವಂಥದ್ದು ಎಲೆಕ್ಟ್ರಾನ್ ಒಂದೇ ತಾನೇ?"

ಪ್ರೂಯಿಟ್ ಕೆಂಪಗಾದ. ಎಲ್ಲರ ಎದುರು ಹೌದು ಎನ್ನದೆ ಗತಿಯಿರಲಿಲ್ಲ.

"ಅದು ಯಾವತ್ತೂ ಮೈನಸ್ಸೇ ತಾನೇ?"

"ಹೌದು."

"ಹಾಗಾದ್ರೆ ಅರವತ್ತನೇ ಸುರುಳೀಲಿ ಅದು ಬಲಕ್ಕೆ ಸುತ್ತಿದೆ, ಅರವತ್ತೊಂದರಲ್ಲಿ ಎಡಕ್ಕೆ ಸುತ್ತಿದೆ. ಯಾಕೆ ಅಂತ ಹೇಳಿ, ಕೂತ್ಕೋತೀನಿ."

ಅವಳು ನಾಲ್ಕು ಚಿತ್ರಗಳನ್ನು ಗ್ರೂನ್‌ವಾಲ್ಡ್ ಕೈಗೆ ಕೊಟ್ಟಳು. ಮುದುಕ ಕನ್ನಡಕ ಹಣೆಗೇರಿಸಿ ಚಿತ್ರವನ್ನು ಮೂಗಿನ ಹತ್ತಿರ ಹಿಡಿದ. ಎರಡನ್ನು ಅದಲುಬದಲು ಮಾಡಿದ. ಆಮೇಲೆ ಕೇಳಿದ, "ಹೊಸದರಲ್ಲಿ ಉದ್ದದ ಗೆರೆ ಯಾವ ಕಡೆ ಬರ್ತಿದೆಯಮ್ಮ?"

"ಹಳೇದರ ಹಾಗೇ ಸಾರ್, ಎಡಗಡೆ."

ಮುದುಕ ತಿರುಗಿದ. "ಆಯಸ್ಕಾಂತ ತಿರುಗಿದ್ರೂ ಉದ್ದ ಇರೋದು ಎಡಗಡೆಯೇ. ಹಾಗಿದ್ರೆ ಅದು ಕಣದ ಗುಣ ಅಲ್ಲ ಲೋವೆಲ್, ನಿನ್ನ ತೊಟ್ಟಿಯ ಗಾಜಿನ ಗುಣ. ಬಲಗಡೆ ಮಬ್ಬಾಗಿರಬೇಕು, ಗೆರೆಯ ತುದಿ ಕಾಣ್ತಿಲ್ಲ."

ಸಭೆಯಲ್ಲಿ ಯಾರೂ ನಗಲಿಲ್ಲ. ಪ್ರೂಯಿಟ್ ಕಾಗದಗಳನ್ನು ಜೋಡಿಸಿಕೊಂಡು ಪಕ್ಕದ ಬಾಗಿಲಿನಿಂದ ಹೊರಟುಹೋದ. ಮರುದಿನ ಯಂತ್ರದವರಿಗೆ ಫೋನು ಹೋಯಿತು. ಆಯಸ್ಕಾಂತವನ್ನು ತಂಪಾಗಿಡುವ ನೀರಿನ ಕೊಳವೆ ರಿಪೇರಿ ಮಾಡಿದ ದಿನ ಬಿಚ್ಚಿದ ಅದರ ತಂತಿಗಳನ್ನು ಅದಲುಬದಲಾಗಿ ಸೇರಿಸಿದ್ದರಂತೆ, ಬರೆಯಲು ಮರೆತಿದ್ದರಂತೆ. ಗಾಜಿನ ಬಲ ಅಂಚಿನಲ್ಲಿ ಮಬ್ಬೂ ಇತ್ತು. ಚಿಕಾಗೋ ಭಾಷಣ ರದ್ದಾಯಿತು.

ವೆರ್ನಾಳನ್ನು ಯಾರೂ ಕರೆಯಲಿಲ್ಲ. ಸೋಮವಾರ ಅವಳೇ ಬಂದು ತನ್ನ ಮೇಜಿನ ದೀಪ ಹಾಕಿದಳು. ಹತ್ತು ಗಂಟೆಗೆ ಆಗ್ನೆಸ್ ಮುಜುಗರದಿಂದ ಬಂದು ನಿಂತಳು. ಇಲಾಖೆಯ ಮುಖ್ಯಸ್ಥರು ಹೇಳಿ ಕಳಿಸಿದ್ದಾರೆ, ಕೆಲಸಕ್ಕೇನೂ ತೊಂದರೆಯಿಲ್ಲ, ಆದರೆ ಮೇಲಿನವರನ್ನು ದಾಟಿ ಸಭೆಯಲ್ಲಿ ಮಾತಾಡಿದ್ದಕ್ಕೆ ಎರಡು ಸಾಲು ಕ್ಷಮಾಪಣೆ ಬರೆದುಕೊಟ್ಟರೆ ಎಲ್ಲ ಮುಗಿಯುತ್ತದೆ ಎಂದಳು. ಖಾಲಿ ಹಾಳೆಯನ್ನೂ ತಂದಿದ್ದಳು.

"ನೀವು ಬರೀತಿದ್ರಾ ಆಗ್ನೆಸ್?"

ಆಗ್ನೆಸ್ ಹಾಳೆಯನ್ನು ಮೇಜಿನ ಮೇಲಿಟ್ಟಳು. "ನಾನು ಬರೀತಿದ್ದೆ," ಎಂದಳು. "ಅದಕ್ಕೇ ನೀನು ಬರೀಬೇಡ."

ವೆರ್ನಾ ಹಾಳೆಯನ್ನು ಮಡಚಿ ಅಲುಗುತ್ತಿದ್ದ ಮೇಜಿನ ಕಾಲಿನ ಕೆಳಗೆ ಒತ್ತಿದಳು. ಕೇಳಿದರೆ ಅಲ್ಲಿದೆ ಎಂದು ಹೇಳಿ ಎಂದಳು. ಆ ವಾರ ಯಾರೂ ಕೇಳಲಿಲ್ಲ, ಮುಂದಿನ ವಾರವೂ ಕೇಳಲಿಲ್ಲ. ಅವಳು ಮುಂದಿನ ಸುರುಳಿ ಏರಿಸಿದಳು.